ದಾನದ ದುಡ್ಡಿಗೂ ಲೆಕ್ಕ ಬೇಕು: ಗೂಡಲೂರಿನ ಪಾಠ

ಅರವಂಕಾಡು: ಕುನ್ನೂರಿನಿಂದ ಊಟಿಗೆ ಹತ್ತುವ ಪುಟ್ಟ ರೈಲು ವೆಲ್ಲಿಂಗ್ಟನ್ ದಾಟಿದರೆ ನಮ್ಮೂರು. ಕಾರ್ಡೈಟ್ ಕಾರ್ಖಾನೆಯ ಸಂಬಳ, ಸುತ್ತಲ ಹಟ್ಟಿಗಳ ಟೀ ಎಲೆಯ ದುಡ್ಡು, ಇವೆರಡರ ಮೇಲೆ ಇಲ್ಲಿನ ಅಂಗಡಿಗಳು ನಡೆಯುತ್ತವೆ. ಹಾಗಾಗಿ ರಸೀದಿ ಪುಸ್ತಕ ಹಿಡಿದು ಬರುವವರಿಗೂ ಬರವಿಲ್ಲ. ಅನಾಥಾಲಯಕ್ಕೆ ಇಷ್ಟು, ಆಸ್ಪತ್ರೆಗೆ ಇಷ್ಟು ಅಂತ ಗಲ್ಲಾಪೆಟ್ಟಿಗೆಯಿಂದ ತೆಗೆದು ಕೊಡುತ್ತೇವೆ. ಸಹಕಾರ ಸಂಘದ ಸಭೆಯಲ್ಲಿ ಒಂದೊಂದು ರೂಪಾಯಿಗೂ ಜಗಳ ಆಡುವ ನಾವು ದಾನದ ದುಡ್ಡಿನ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ಅಪಾತ್ರ ದಾನ ಬೇಡ ಎಂದು ಹಿರಿಯರು ಹೇಳುತ್ತಿದ್ದರು. ಪಾತ್ರರು ಯಾರೆಂದು ತಿಳಿಯುವುದು ಹೇಗೆ? ಇದನ್ನು ಅಳೆದು ನೋಡುವುದೇ ಈಗ ವಿದ್ವಾಂಸರಿಗೆ ಒಂದು ಅಧ್ಯಯನದ ವಿಷಯವಾಗಿದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯ ಗೂಡಲೂರಿನಲ್ಲೇ ಇದೆ.

ಸ್ಟ್ಯಾನ್ ಮತ್ತು ಮಾರಿ ತೇಕೇಕರ ದಂಪತಿ 1980ರ ದಶಕದ ನಡುವೆ ಅಲ್ಲಿ 'ಅಕಾರ್ಡ್' ಸಂಸ್ಥೆ ಕಟ್ಟಿದರು. ಪಣಿಯ, ಬೆಟ್ಟಕುರುಂಬ, ಕಾಟುನಾಯಕ ಮೊದಲಾದ ಜನ 'ಆದಿವಾಸಿ ಮುನ್ನೇಟ್ರ ಸಂಗಂ' ಎಂಬ ತಮ್ಮದೇ ಸಂಘ ಮಾಡಿಕೊಂಡರು. ಭೂಮಿಯ ಹಕ್ಕು ಗಟ್ಟಿಯಾಗಲೆಂದು ಟೀ ಗಿಡ ನೆಟ್ಟರು. 1990ರಲ್ಲಿ ಆಸ್ಪತ್ರೆ ಬಂತು; ಆದಿವಾಸಿ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾದರು. 1992ರಲ್ಲಿ ಆರೋಗ್ಯ ವಿಮೆ ಶುರುವಾಯಿತು. ಸಂಘದ ಸದಸ್ಯರು ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕಟ್ಟಬೇಕು. ಎಲ್ಲವೂ ಪುಕ್ಕಟೆ ಅಲ್ಲ, ತಮ್ಮ ಕೈಯದೂ ಒಂದಿಷ್ಟು ಸೇರಲಿ ಎಂಬ ಏರ್ಪಾಟು.

ಇದರಿಂದ ಆದದ್ದೇನು? 1980ರ ದಶಕದಲ್ಲಿ ಅಲ್ಲೇ ವೈದ್ಯರಾಗಿದ್ದ ಡಾ. ಎನ್. ದೇವದಾಸನ್, ಆಮೇಲೆ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು. ಅವರು ಜೊತೆಗಾರರೊಂದಿಗೆ ಇದನ್ನು ಲೆಕ್ಕ ಹಾಕಿದರು. ವಿಮೆ ಇದ್ದವರು, ಇಲ್ಲದವರು ಸೇರಿ 500ಕ್ಕೂ ಹೆಚ್ಚು ಕುಟುಂಬಗಳನ್ನು ಒಂದು ವರ್ಷ ಗಮನಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ವಿಮೆ ಇದ್ದವರು ಆಸ್ಪತ್ರೆ ಸೇರಿದ್ದು ಇಲ್ಲದವರ 2.2 ಪಟ್ಟು. ಅವರಿಗೆ ಕಾಯಿಲೆ ಜಾಸ್ತಿ ಅಂತಲ್ಲ. ದುಡ್ಡಿಗೆ ಹೆದರಿ ಗುಡಿಸಲಲ್ಲೇ ನರಳುವುದು ತಪ್ಪಿತು ಅಂತ.

ಮನೆಯವರೇ ಲೆಕ್ಕ ನೋಡಿದರೆ ನಂಬೋದು ಹೇಗೆ ಸ್ವಾಮಿ, ಅಂತ ನೀವು ಕೇಳಬಹುದು. ವ್ಯಾಪಾರಿಗಳಾದ ನಾವು ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರ 2007ರ ಇನ್ನೊಂದು ವರದಿಯಲ್ಲಿದೆ. ಅದೇ ತಂಡ ಗೂಡಲೂರಿನ ಯೋಜನೆಯನ್ನು ಗುಜರಾತಿನ 'ಸೇವಾ' ಸಂಘದ ಯೋಜನೆಯ ಪಕ್ಕ ಇಟ್ಟು ತೂಗಿತು. ಆಸ್ಪತ್ರೆ ಸೇರಿದ ವಿಮೆದಾರ ಕುಟುಂಬಗಳಲ್ಲಿ ಗೂಡಲೂರಿನ ಶೇ. 67, ಗುಜರಾತಿನ ಶೇ. 34 ಮಂದಿ ಕೈಯಿಂದ ಏನೂ ಕೊಟ್ಟಿರಲಿಲ್ಲ. ಆದರೆ ಗೂಡಲೂರಿನಲ್ಲಿ ಶೇ. 4, ಗುಜರಾತಿನಲ್ಲಿ ಶೇ. 23 ಕುಟುಂಬಗಳಿಗೆ ವಿಮೆ ಇದ್ದೂ ಖರ್ಚು ಸಂಸಾರದ ಬೆನ್ನು ಮುರಿಯುವಷ್ಟಿತ್ತು. ಆಗದೇ ಉಳಿದದ್ದನ್ನೂ ಅಂಕಿ ಹಾಕಿ ಬರೆದಿದ್ದಾರೆ ನೋಡಿ, ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿ.

2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ. ದುಡ್ಡು ಹೆಚ್ಚಾದಂತೆ ಬಣ್ಣದ ವರದಿಗಳೂ, ನಗುವ ಮಕ್ಕಳ ಫೋಟೋಗಳೂ ಹೆಚ್ಚಾಗುತ್ತವೆ. ಫೋಟೋ ನೋಡಿ ಕೊಡುವುದು ಎಲೆ ತೂಗದೆ ಬಿಲ್ ಬರೆದ ಹಾಗೆ.

ಕೊಡಬೇಡಿ ಎನ್ನುತ್ತಿಲ್ಲ, ಧಾರಾಳವಾಗಿ ಕೊಡಿ. ಕೊಡುವಾಗ ನಾಲ್ಕು ಮಾತು ಕೇಳಿ: ಹೋದ ವರ್ಷ ಎಷ್ಟು ಜನಕ್ಕೆ ಏನು ಬದಲಾಯಿತು? ಸಹಾಯ ಪಡೆಯುವವರ ಮಾತು ಸಂಸ್ಥೆಯಲ್ಲಿ ನಡೆಯುತ್ತದೆಯೇ? ಹೊರಗಿನವರು ಲೆಕ್ಕ ನೋಡಿದ್ದಾರೆಯೇ? ಮಾಡಬೇಕೆಂದಿದ್ದು ಆಗದೇ ಉಳಿದದ್ದು ಯಾವುದು? ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರಿಗೆ ನಾನಂತೂ ಹತ್ತು ರೂಪಾಯಿ ಹೆಚ್ಚೇ ಕೊಡುತ್ತೇನೆ.