ಎಚ್‌ಇಪಿ ತಗೊಳ್ಳೋದೋ, ಜಪಾನೀಸ್ ಕಲಿಯೋದೋ?

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕಲಾ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೋ, ಮುಂದೆ ಕೆಎಎಸ್, ಐಎಎಸ್‌ಗೆ ಅನುಕೂಲ’ ಎನ್ನುವುದು ಒಂದು. ‘ಬರೀ ಬಿಎ ಮಾಡಿ ಏನು ಪ್ರಯೋಜನ, ಜರ್ಮನ್ನೋ ಜಪಾನೀಸೋ ಕಲಿ, ಕಂಪನಿಯವರು ಕರೀತಾರೆ’ ಎನ್ನುವುದು ಇನ್ನೊಂದು. ತರಗತಿಯಲ್ಲಿ ಮೂರು ವರ್ಷ ಏನು ಓದಬೇಕು, ಆ ಓದು ಮಗುವಿಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ.

ಸಮಾಜ ವಿಜ್ಞಾನವೆಂದರೆ ಬಾಯಿಪಾಠ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ನಿಮ್ಮ ಮನೆಯ ಪಹಣಿಯನ್ನೇ ಕೈಗೆತ್ತಿಕೊಳ್ಳಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಉಳುವವರ ವಿವರ. 9ರಲ್ಲಿರುವ ಹೆಸರು ಗಂಡಸಿನದೇ ಏಕೆ, ಹೊಲದಲ್ಲಿ ದುಡಿಯುವ ಹೆಂಗಸಿನದು ಏಕಲ್ಲ ಎಂದು ಕೇಳಿದರೆ ಅದು ಸಮಾಜಶಾಸ್ತ್ರ. 11ರಲ್ಲಿರುವ ಸಾಲ ಬ್ಯಾಂಕಿನದು, ಕೈಸಾಲ ಯಾವ ಕಾಲಂನಲ್ಲಿದೆ ಎಂದು ಕೇಳಿದರೆ ಅರ್ಥಶಾಸ್ತ್ರ. ನಿನ್ನೆಯ ಗೇಣಿದಾರ ಇವತ್ತು ಮಾಲೀಕನಾದದ್ದು ಹೇಗೆ ಎಂದು ಹುಡುಕುತ್ತಾ 1974ರ ಭೂಸುಧಾರಣೆಗೆ ಬಂದು ತಲುಪಿದರೆ ಇತಿಹಾಸ, ರಾಜ್ಯಶಾಸ್ತ್ರ ಎರಡೂ ಸಿಕ್ಕವು. ಹೀಗೆ ಕೇಳುವ ಚಟವಿರುವ ಹುಡುಗ ಹುಡುಗಿಯರಿಗೆ ಈ ವಿಷಯಗಳು ಎಂದೂ ಬೇಸರ ತರಿಸುವುದಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅಲ್ಲಿನ ಒಕ್ಕಲುತನ, ಜಗಳ, ಹಬ್ಬಗಳನ್ನೆಲ್ಲ ಬರೆದಿಟ್ಟರು. ‘ರಾಂಪುರ’ ಎಂದು ಅವರು ಕರೆದ ಆ ಹಳ್ಳಿಯ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದಾಗ, ನೆನಪನ್ನೇ ನೆಚ್ಚಿಕೊಂಡು ಪುಸ್ತಕ ಬರೆದರು. ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಗಳನ್ನು ಕೊಟ್ಟವರೂ ಅವರೇ. ಬಾಯಿಪಾಠದಿಂದ ಇಂಥ ಕೆಲಸ ಆಗುವುದಿಲ್ಲ.

ಅರ್ಥಶಾಸ್ತ್ರದ ಬಗ್ಗೆ ಒಂದು ಎಚ್ಚರಿಕೆ. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು ಎಂಎ ಅರ್ಥಶಾಸ್ತ್ರದ ಒಳ್ಳೆಯ ಕೇಂದ್ರಗಳ ಬಾಗಿಲಲ್ಲಿ ನಿಂತುಬಿಡುತ್ತಾರೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ ಬರದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪದವಿಯ ಮೊದಲ ವರ್ಷದಲ್ಲೇ ಈ ಕೊರತೆ ತುಂಬಿಕೊಳ್ಳುವುದು ಒಳ್ಳೆಯದು.

ಇನ್ನು ವಿದೇಶಿ ಭಾಷೆ. ಅಂಕಕ್ಕಾಗಿ ಫ್ರೆಂಚ್ ತೆಗೆದುಕೊಂಡು ಪರೀಕ್ಷೆ ಮುಗಿದ ಕೂಡಲೇ ಮರೆಯುವುದಕ್ಕೆ ಕಲಿಕೆ ಎನ್ನಲಾಗದು. ಭಾಷೆ ದಿನವೂ ಸಮಯ ಕೇಳುತ್ತದೆ. ಜಪಾನೀಸ್‌ನಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ: ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆಯೇ ಅಂಟಿಕೊಳ್ಳುತ್ತವೆ. ವಾಕ್ಯ ಕಟ್ಟುವುದು ನಮಗೆ ಇಂಗ್ಲಿಷಿಗಿಂತ ಸಲೀಸು. ಕಷ್ಟವಿರುವುದು ಲಿಪಿಯಲ್ಲಿ. ಹಿರಗಾನ, ಕಟಕಾನ ಎಂಬ ಅಕ್ಷರಮಾಲೆಗಳನ್ನು ಕಲಿತ ಮೇಲೂ ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವ 2136 ಕಾಂಜಿ ಚಿಹ್ನೆಗಳು ಕಾಯುತ್ತಿರುತ್ತವೆ.

ಸರ್ಟಿಫಿಕೇಟುಗಳನ್ನೂ ತಿಳಿದು ನೋಡಬೇಕು. ಜಪಾನೀಸ್‌ನ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ. ಆದರೆ ಮಾತಾಡುವ, ಬರೆಯುವ ಪರೀಕ್ಷೆ ಅದರಲ್ಲಿಲ್ಲ. ಜರ್ಮನ್‌ನ ಗಯಟೆ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರಹ, ಮಾತು ನಾಲ್ಕೂ ಇವೆ. ಅದರ ಮೊದಲ ಹಂತವಾದ ಎ1 ಮುಗಿಸಿದವರು ಅಂಗಡಿಯಲ್ಲಿ ಬೆಲೆ ಕೇಳಬಲ್ಲರು, ಅಷ್ಟೇ. ಅನುವಾದ ಮಾಡಿ ಜೀವನ ನಡೆಸುವ ಮಾತು ಬಹಳ ದೂರದ್ದು.

ರಾಯಭಾರಿಯಾಗುವ ಕನಸಿನಿಂದ ಭಾಷಾ ಪದವಿ ಆರಿಸುವವರೂ ಇದ್ದಾರೆ. ವಿದೇಶಾಂಗ ಸೇವೆಗೆ ಆಯ್ಕೆಯಾದವರಿಗೆ ವಿದೇಶಿ ಭಾಷೆಯೊಂದನ್ನು ಆಯ್ಕೆಯ ನಂತರ ಸರ್ಕಾರವೇ ಕಲಿಸುತ್ತದೆ. ಆ ಒಂದು ಕಾರಣಕ್ಕೆ ಮೂರು ವರ್ಷ ಮೀಸಲಿಡಬೇಕಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಬಹುಪಾಲು ಮಕ್ಕಳು ಪದವಿಗೆ ಸಮಾಜ ವಿಜ್ಞಾನವನ್ನೇ ಇಟ್ಟುಕೊಳ್ಳಲಿ, ಜೊತೆಯಲ್ಲಿ ಒಂದು ಭಾಷೆಯನ್ನು ಹಂತ ಹಂತವಾಗಿ ಕಲಿಯಲಿ. ಬೆಂಗಳೂರಿನಲ್ಲಿ ಜರ್ಮನ್ ಕಲಿಯಲು ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್ ಕಲಿಯಲು ಅಲಿಯಾನ್ಸ್ ಫ್ರಾನ್ಸೇಸ್ ಇವೆ, ಆನ್‌ಲೈನ್ ತರಗತಿಗಳೂ ಸಿಗುತ್ತವೆ. ಸಾಹಿತ್ಯ, ಅನುವಾದ, ಬೋಧನೆಯೇ ಬದುಕು ಎಂದುಕೊಂಡವರು ಮಾತ್ರ ಭಾಷೆಯನ್ನೇ ಮುಖ್ಯ ವಿಷಯವಾಗಿ ಆರಿಸಿ, ದೆಹಲಿಯ ಜೆಎನ್‌ಯು ಅಥವಾ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೆ ಹೋಗಲಿ. ಅಂಥವರನ್ನು ಅಪ್ಪ ಅಮ್ಮ ತಡೆಯಬಾರದು.

ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಹಾಗಾಗಿ ಅಣ್ಣನೋ ಅಕ್ಕನೋ ಓದಿದ ಕಾಂಬಿನೇಷನ್ ನಂಬಿ ಅರ್ಜಿ ತುಂಬಬೇಡಿ. ಸೇರಬೇಕೆಂದಿರುವ ಕಾಲೇಜಿಗೆ ಹೋಗಿ ಈ ವರ್ಷದ ಸಿಲೆಬಸ್ ಕೇಳಿ, ಆ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ ವಿಚಾರಿಸಿ, ಆಮೇಲೆ ಶುಲ್ಕ ಕಟ್ಟಿ.