ಆಗೊಮ್ಮೆ ಈಗೊಮ್ಮೆ ಕೈಕೊಡುವ ಕಾರು

ಪೂರ್ತಿಯಾಗಿ ಕೆಟ್ಟುನಿಂತ ಯಂತ್ರವು ತನ್ನ ದೋಷವನ್ನು ಪರೀಕ್ಷಕನ ಮುಂದೆ ತಾನೇ ತೆರೆದಿಟ್ಟಿರುತ್ತದೆ. ಆದರೆ ಹತ್ತು ಸಲ ಸರಾಗವಾಗಿ ಹೊರಟು, ಹನ್ನೊಂದನೆಯ ಸಲ, ಅದೂ ಜಡಿಮಳೆಯ ಸಂಜೆಯಲ್ಲೋ ಮದುವೆಗೆ ಹೊರಟ ಮುಹೂರ್ತದಲ್ಲೋ ಮೊಂಡುಹಿಡಿದು, ಮರುಗಳಿಗೆಯಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಎದ್ದುಬಿಡುವ ಹಳೆಯ ಕಾರಿನ ದೋಷವಾದರೋ ಗ್ಯಾರೇಜಿನ ಬಾಗಿಲಿಗೆ ಬರುವಷ್ಟರಲ್ಲಿ ಅಂತರ್ಧಾನವಾಗಿರುತ್ತದೆ. ಕಣ್ಣೆದುರಿಗೆ ಇಲ್ಲದ ದೋಷವನ್ನು ಅರಸಿ ಹಿಡಿಯತಕ್ಕ ಈ ವಿಲಕ್ಷಣ ಕರ್ತವ್ಯವು ನಮ್ಮಲ್ಲಿ ಆಟೋ ಎಲೆಕ್ಟ್ರಿಷಿಯನ್ ಎಂದು ಕರೆಯಲ್ಪಡುವ ಕುಶಲಕರ್ಮಿಯ ಪಾಲಿಗೆ ಬಂದಿದೆ. ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕನಿಗೆ ಸಲ್ಲುವಷ್ಟು ಗೌರವ ಈತನಿಗೆ ಸಂದಿಲ್ಲವೆಂಬುದು ನನ್ನ ಬಹುಕಾಲದ ಭಾವನೆ. ಅಂಬಾಸಿಡರ್ ಮತ್ತು ಮಾರುತಿ 800, ಈ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಆದರೂ ಈ ವಾಹನಗಳು ಇಂದಿಗೂ ಅಲ್ಲಲ್ಲಿ ಮನೆಗಳ ಮುಂದೆ ಜೀವಂತವಾಗಿ ನಿಂತಿವೆಯಾದರೆ, ಅದರ ಹಿಂದೆ ಈ ಮಂದಿಯ ಸಹನೆ ಉಂಟು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕಲಾಸಿಪಾಳ್ಯದ ಸುತ್ತಮುತ್ತ, ಬಿಡಿಭಾಗಗಳ ಅಂಗಡಿಸಾಲುಗಳ ನಡುವೆ ಇವರ ಮಳಿಗೆಗಳನ್ನು ಕಾಣಬಹುದು. ಮಳಿಗೆಯ ಒಳಗೆ ಹೆಚ್ಚು ಸಲಕರಣೆಗಳಿರುವುದಿಲ್ಲ: ಬಲ್ಬಿಗೆ ಎರಡು ತಂತಿ ಸೇರಿಸಿದ ಟೆಸ್ಟ್ ಲ್ಯಾಂಪ್, ಒಂದು ಮಲ್ಟಿಮೀಟರ್, ಬ್ಯಾಟರಿಯ ಆಮ್ಲದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್, ಕೆಲವು ಸ್ಪ್ಯಾನರುಗಳು.

ಎಂಜಿನ್ನನ್ನು ಹ್ಯಾಂಡಲ್ ಹೊಡೆದು ತಿರುಗಿಸುತ್ತಿದ್ದ ಕಾಲದಲ್ಲಿ ಈ ವಿದ್ಯೆಗೆ ಇಷ್ಟು ವಿಸ್ತಾರವಿರಲಿಲ್ಲ. ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿಯುವ ಭಯವನ್ನು ನೀಗಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್; 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲು ಬಂದಿತು. ನಮ್ಮ ಜನ ‘ಸೆಲ್ಫ್’ ಎಂದು ಕರೆಯುವ ಆ ಯಂತ್ರ ಬಂದಂದಿನಿಂದ, ಕಾರು ಹೊರಡುವುದೆಂಬುದು ಬ್ಯಾಟರಿ, ಕೇಬಲ್ಲು, ಕೀ ಸ್ವಿಚ್ಚು, ಮೋಟಾರಿಗೆ ಕರೆಂಟು ಕೂಡಿಸುವ ಸೊಲೆನಾಯ್ಡ್, ಮೋಟಾರು ಇವೆಲ್ಲವೂ ಒಂದೇ ಕ್ಷಣದಲ್ಲಿ ತಮ್ಮ ತಮ್ಮ ಪಾಲಿನ ಕೆಲಸವನ್ನು ನೆರವೇರಿಸಬೇಕಾದ ಒಂದು ಸರಪಣಿಯಾಯಿತು.

ಒಳ್ಳೆಯ ಎಲೆಕ್ಟ್ರಿಷಿಯನ್ನು ಮೊದಲು ಕಿವಿಯನ್ನು ಉಪಯೋಗಿಸುತ್ತಾನೆ. ‘ಸೆಲ್ಫ್ ತಗೊಳ್ಳಲ್ಲ’ ಎಂಬ ಯಜಮಾನರ ಒಂದೇ ದೂರಿನೊಳಗೆ ನಾಲ್ಕಾರು ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ ಎಂಬುದನ್ನು ಅವನು ಬಲ್ಲ. ಕೀ ತಿರುಗಿಸಿದಾಗ ‘ಟಕಟಕಟಕ’ ಎಂದು ಬಿಡದೆ ಬಡಿದುಕೊಂಡರೆ, ಸೊಲೆನಾಯ್ಡು ಸಂಪರ್ಕ ಕೂಡಿಸಿದ ಕೂಡಲೇ ಮೋಟಾರಿನ ಭಾರಕ್ಕೆ ವೋಲ್ಟೇಜು ಕುಸಿದು, ಹಿಡಿತ ಸಡಲಿ, ಭಾರವಿಳಿದೊಡನೆ ವೋಲ್ಟೇಜು ಮತ್ತೆ ಏರಿ, ಪುನಃ ಎಳೆದುಕೊಳ್ಳುತ್ತಿದೆ ಎಂದರ್ಥ. ಬ್ಯಾಟರಿ ಡೌನ್ ಆಗಿದೆ, ಇಲ್ಲವೆ ಅದರ ಟರ್ಮಿನಲ್ ಹಿಡಿತ ಸರಿಯಿಲ್ಲ. ಒಂದೇ ಒಂದು ಗಟ್ಟಿಯಾದ ‘ಟಕ್’ ಕೇಳಿ ನಿಂತುಹೋದರೆ, ಸೊಲೆನಾಯ್ಡು ತನ್ನ ಕೆಲಸವನ್ನು ಮಾಡಿದೆ, ಅದರಾಚೆ ಕರೆಂಟು ಸಾಗಿಲ್ಲ. ಏನೂ ಸದ್ದಿಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಬರುವ ಸಣ್ಣ ತಂತಿಯ ದಾರಿಯನ್ನು ಮೊದಲು ಶಂಕಿಸಬೇಕು. ಎಂಜಿನ್ನು ಚುರುಕಾಗಿಯೇ ತಿರುಗಿಯೂ ಹಿಡಿಯದಿದ್ದರಂತೂ ಸ್ಟಾರ್ಟರ್ ನಿರಪರಾಧಿ. ಕಿಡಿಯೋ ಪೆಟ್ರೋಲೋ ಬರುತ್ತಿಲ್ಲ. ಇವುಗಳ ಜತೆಗೆ, ಹೆಡ್‌ಲೈಟುಗಳನ್ನು ಉರಿಸಿಟ್ಟು ಕೀ ತಿರುಗಿಸುವ ಪರೀಕ್ಷೆಯೊಂದುಂಟು: ದೀಪ ಪೂರಾ ಮಂಕಾದರೆ ಬ್ಯಾಟರಿಯ ಕಡೆಗೆ ನೋಡಬೇಕು, ಕಿಂಚಿತ್ತೂ ಮಂಕಾಗದೆ ಉರಿಯುತ್ತಿದ್ದರೆ ಕರೆಂಟು ಮೋಟಾರನ್ನು ಮುಟ್ಟಿಯೇ ಇಲ್ಲ. ಯಾವ ಉಪಕರಣವನ್ನೂ ಬೇಡದ ಈ ಪರೀಕ್ಷೆಯನ್ನು ಹಳೆಯ ಕಾರು ಇಟ್ಟುಕೊಂಡವರೆಲ್ಲರೂ ತಿಳಿದಿರತಕ್ಕದ್ದು.

ಇನ್ನು ಈ ವಿದ್ಯೆಯ ಹೃದಯವೆನ್ನಬಹುದಾದ ಮಾತಿಗೆ ಬರೋಣ. ತಂತಿಯಲ್ಲಿ ಕರೆಂಟಿದೆಯೆ ಎಂದು ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ, ಅದು ಉರಿದೊಡನೆ ‘ಇಲ್ಲಿ ಸರಿಯಾಗಿದೆ’ ಎಂದು ತೀರ್ಮಾನಿಸುವವನು ಮೋಸಹೋಗುತ್ತಾನೆ. ಆ ಪುಟ್ಟ ಬಲ್ಬು ಅರ್ಧ ಆಂಪಿಯರನ್ನೂ ಬೇಡುವುದಿಲ್ಲ. ಸ್ಟಾರ್ಟರ್ ಮೋಟಾರಾದರೋ ನೂರರ ಮೇಲೆ, ಕೆಲವೊಮ್ಮೆ ಇನ್ನೂರರವರೆಗೆ ಎಳೆಯುತ್ತದೆ. ಒಬ್ಬಿಬ್ಬರು ನಡೆದುಹೋಗುವಾಗ ಓಣಿ ಇಕ್ಕಟ್ಟೆಂದು ಯಾರಿಗೂ ತಿಳಿಯುವುದಿಲ್ಲ, ತೇರನ್ನು ಎಳೆದುತಂದ ದಿನವೇ ಅದು ತಿಳಿಯುವುದು. ಕೇಬಲ್ಲಿನ ತುದಿಯಲ್ಲಿ ತುಕ್ಕಿನಿಂದಲೋ ಸಡಿಲಿಕೆಯಿಂದಲೋ ಒಂದು ಓಮ್‌ನ ನೂರರಲ್ಲೊಂದು ಪಾಲಿನಷ್ಟು ಅಡ್ಡಿ ಹುಟ್ಟಿದ್ದರೂ, 150 ಆಂಪಿಯರ್ ಹರಿಯುವಾಗ ಅಲ್ಲಿಯೇ ಒಂದೂವರೆ ವೋಲ್ಟು ನಷ್ಟವಾಗುತ್ತದೆ; ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ಇದು ಅಲ್ಪವಲ್ಲ. ಆದುದರಿಂದ ಬಲ್ಲವನು, ಎಂಜಿನ್ನು ಹಿಡಿಯದಿರಲೆಂದು ಇಗ್ನಿಷನ್ ಕಾಯಿಲ್‌ನ ತಂತಿಯನ್ನು ಕಳಚಿ, ಸಹಾಯಕನಿಂದ ಸೆಲ್ಫ್ ಹೊಡೆಸುತ್ತ, ಆ ಭಾರದಲ್ಲಿಯೇ ಮೀಟರನ್ನು ಕೇಬಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿಯುತ್ತಾನೆ. ಬ್ಯಾಟರಿಯ ಕಂಬಕ್ಕೂ ಅದನ್ನು ತಬ್ಬಿರುವ ಕ್ಲಾಂಪಿಗೂ ನಡುವೆ ಹಿಡಿದಾಗ ಮುಳ್ಳು ಅಲುಗಿದರೆ, ಹೊರಗೆ ಹೊಳೆಯುವ ಆ ಟರ್ಮಿನಲ್ಲಿನ ಒಳಮೈಯಲ್ಲಿ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟಿದೆಯೆಂದು ಸಿದ್ಧವಾಯಿತು. ಅರ್ಥಿಂಗ್ ಕಡೆಯ ನಷ್ಟ ಕಾಲು ವೋಲ್ಟಿಗಿಂತ ಕಡಮೆಯಿರಬೇಕು. ಪಾಸಿಟಿವ್ ಕಡೆಯದು ಅರ್ಧ ವೋಲ್ಟನ್ನು ಮೀರಕೂಡದು. ಅದಕ್ಕೂ ಮುಂಚೆ ಬ್ಯಾಟರಿಯ ಪರೀಕ್ಷೆ ಮುಗಿದಿರಬೇಕೆಂಬುದು ಸರಿಯೇ: ಪೂರ್ಣವಾಗಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿನಷ್ಟು ತೋರುತ್ತದೆ, ಸೆಲ್ಫ್ ಹೊಡೆಯುವಾಗ ಅದು ಹತ್ತಕ್ಕಿಂತ ಬಹಳ ಕೆಳಗೆ ಕುಸಿದರೆ ಉಳಿದುದನ್ನು ಶೋಧಿಸುವ ಮೊದಲು ಅದನ್ನೇ ವಿಚಾರಿಸಬೇಕು.

ಅರ್ಥಿಂಗ್ ವಿಷಯದಲ್ಲಿ ಹಳೆಯ ಕಾರುಗಳು ವಿಶೇಷವಾಗಿ ನರಳುತ್ತವೆ. ಎಂಜಿನ್ನು ರಬ್ಬರಿನ ಮೌಂಟುಗಳ ಮೇಲೆ ಕುಳಿತಿರುವುದರಿಂದ, ಅದನ್ನು ಕಾರಿನ ಮೈಗೆ ಕೂಡಿಸುವ ಹೆಣೆದ ತಾಮ್ರದ ಪಟ್ಟಿಯೊಂದು ಕರೆಂಟು ಹಿಂದಿರುಗುವ ಮುಖ್ಯ ಮಾರ್ಗವಾಗಿರುತ್ತದೆ. ಎಂದೋ ಎಂಜಿನ್ ಇಳಿಸಿದಾಗ ಬಿಚ್ಚಿದ ಆ ಪಟ್ಟಿಯನ್ನು ಹಾಕಲು ಮರೆತಿದ್ದರೆ, ಅಥವಾ ಅದು ಎಳೆಯೆಳೆಯಾಗಿ ಸವೆದಿದ್ದರೆ, ಕರೆಂಟು ಆಕ್ಸಲರೇಟರ್ ಅಥವಾ ಕ್ಲಚ್ಚಿನ ಕೇಬಲ್ಲಿನ ಮೂಲಕ ದಾರಿ ಮಾಡಿಕೊಂಡು ಹಿಂದಿರುಗುತ್ತದೆ. ಸೆಲ್ಫ್ ಹೊಡೆದ ಮೇಲೆ ಆಕ್ಸಲರೇಟರ್ ಕೇಬಲ್ಲು ಬಿಸಿಯೇರಿದ್ದನ್ನು ಮುಟ್ಟಿನೋಡಿ, ಬೇರೇನನ್ನೂ ಬಿಚ್ಚದೆ ಈ ಪಟ್ಟಿಯನ್ನು ಬದಲಿಸುವ ಕೈಗಳನ್ನು ಕಂಡಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಕಾಲ ಮತ್ತು ಹವೆಗಳೂ ಸಾಕ್ಷಿ ನುಡಿಯುತ್ತವೆ. ಮಲೆನಾಡಿನ ಆಷಾಢದ ಬೆಳಗುಗಳಲ್ಲಿ ಮಾತ್ರ ಕೈಕೊಡುವ ಕಾರಿನ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕಟ್ಟಿರಬಹುದು. ಆ ಕ್ಯಾಪಿನಲ್ಲಿ ಕೂದಲೆಳೆಯ ಸೀಳೊಂದಿದ್ದರೆ ಕಿಡಿಯು ಪ್ಲಗ್ಗಿಗೆ ಹೋಗುವುದನ್ನು ಬಿಟ್ಟು ಆ ಸೀಳಿನುದ್ದಕ್ಕೂ ಹರಿದುಹೋಗುತ್ತದೆ. ರಾಯಚೂರಿನ ಬೇಸಗೆಯಲ್ಲಿ, ದೂರ ಓಡಿ ಬಂದು ಚಹ ಕುಡಿಯಲು ನಿಲ್ಲಿಸಿದ ಕಾರು ಮತ್ತೆ ಏಳದಿದ್ದರೆ ಕಥೆ ಬೇರೆ. ನಿಂತ ಎಂಜಿನ್ನಿನ ಕಾವು ಪೆಟ್ರೋಲ್ ಪಂಪಿಗೂ ಪೈಪಿಗೂ ಏರಿ, ಪೆಟ್ರೋಲು ಆವಿಯಾಗಿ, ದ್ರವವನ್ನು ಎಳೆಯಲೆಂದೇ ನಿರ್ಮಿತವಾದ ಪಂಪು ಆ ಆವಿಯ ಮುಂದೆ ನಿಷ್ಫಲವಾಗುತ್ತದೆ. ಪಂಪಿನ ಮೇಲೆ ಒದ್ದೆಬಟ್ಟೆ ಹಾಕುವ ಅಂಬಾಸಿಡರ್, ಫಿಯೆಟ್ ಚಾಲಕರ ರೂಢಿಗೆ ಹೀಗೆ ಭದ್ರವಾದ ಕಾರಣವುಂಟು. ಆದರೆ ಅದೇ ಕಾವಿನಲ್ಲಿ ಕಾಯಿಲ್‌ನ ಒಳಗಿನ ತಂತಿ ಹಿಗ್ಗಿ ಸಂಪರ್ಕ ತಪ್ಪಿ, ತಣಿದ ಮೇಲೆ ಕೂಡಿಕೊಳ್ಳುವುದೂ ಉಂಟು. ಕಂಡೆನ್ಸರಿನ ದೋಷವೂ ಬಿಸಿಯಲ್ಲಿಯೇ ಬಹುಧಾ ಕಾಣಿಸುತ್ತದೆ. ಪೆಟ್ರೋಲಿನ ದೋಷವನ್ನೂ ಕಿಡಿಯ ದೋಷವನ್ನೂ ಬೇರ್ಪಡಿಸಬೇಕಾದರೆ ಕಾರು ಹೊರಡದಿರುವ ಆ ಗಳಿಗೆಯಲ್ಲಿಯೇ ಪ್ಲಗ್ಗಿನ ಕಿಡಿಯನ್ನು ನೋಡಬೇಕು. ನೀಲಿಯಾಗಿ ಸಿಡಿದರೆ ಪೆಟ್ರೋಲಿನ ಕಡೆಗೆ, ಇಲ್ಲದಿದ್ದರೆ ಕಾಯಿಲ್ ಕಡೆಗೆ.

ಆ ಗಳಿಗೆ ಎಲೆಕ್ಟ್ರಿಷಿಯನ್ನನ ಮುಂದೆ ಬಾರದಿದ್ದರೆ? ಇಲ್ಲಿಯೇ ಈ ಕುಶಲಿಗಳ ಅತ್ಯಂತ ಸುಂದರವಾದ ಉಪಾಯವಿರುವುದು. ಸೊಲೆನಾಯ್ಡಿಗೆ ಕೀ ಸ್ವಿಚ್ಚಿನಿಂದ ತಂತಿ ಬಂದು ಸೇರುವ ತುದಿಗೆ ಒಂದು ತೆಳುತಂತಿ ಕೂಡಿಸಿ, ಅದನ್ನು ಡ್ಯಾಶ್‌ಬೋರ್ಡಿನವರೆಗೆ ತಂದು, ಅಲ್ಲಿ ಒಂದು ಚಿಕ್ಕ ಬಲ್ಬನ್ನು ತೂಗಹಾಕಿ, ಯಜಮಾನರಿಗೆ ಇಷ್ಟನ್ನೇ ಹೇಳಿ ಕಳುಹಿಸುತ್ತಾರೆ: ‘ಇನ್ನೊಂದ್ ಸಲ ಕೈಕೊಟ್ಟಾಗ ಈ ಬಲ್ಬ್ ಉರೀತೋ ಇಲ್ವೋ ನೋಡ್ಕೊಂಡು ಬನ್ನಿ ಸಾರ್.’ ಬಲ್ಬು ಉರಿದೂ ಸೆಲ್ಫ್ ತಿರುಗದಿದ್ದರೆ ಸ್ವಿಚ್ಚಿನ ಕಡೆಯ ದಾರಿಯ ಮೇಲಣ ಶಂಕೆ ಬಹುಮಟ್ಟಿಗೆ ಕಳೆದು, ಸೊಲೆನಾಯ್ಡು, ಮೋಟಾರು, ದಪ್ಪ ಕೇಬಲ್ಲುಗಳು ಮಾತ್ರ ಉಳಿಯುತ್ತವೆ. ಉರಿಯದಿದ್ದರೆ ಮೋಟಾರಿಗೆ ಕೈಹಚ್ಚುವ ಅಗತ್ಯವೇ ಇಲ್ಲ. ತಿಂಗಳುಗಟ್ಟಲೆ ಕಾಡಿದ ಸಮಸ್ಯೆಯನ್ನು ಅರ್ಧಕ್ಕೆ ಕತ್ತರಿಸುವ ಈ ಬಲ್ಬಿನ ಬೆಲೆ ಒಂದು ಕಾಫಿಯ ಬೆಲೆಯನ್ನು ಮೀರಲಾರದು.

ಮೋಟಾರೇ ಅಪರಾಧಿಯೆಂದು ನಿಶ್ಚಯವಾದರೆ ಅದನ್ನು ಬಿಚ್ಚುತ್ತಾರೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತಿರುಗತೊಡಗುವ ಮೋಟಾರಿನಲ್ಲಿ ಇಂಗಾಲದ ಬ್ರಷ್ಷುಗಳು ಸವೆದು ಕಮ್ಯುಟೇಟರನ್ನು ಮುಟ್ಟದೆ ನಿಂತಿರುತ್ತವೆ, ಅಥವಾ ಕಮ್ಯುಟೇಟರಿನ ಒಂದು ಪಟ್ಟಿ ಸುಟ್ಟು, ಆರ್ಮೇಚರ್ ಅದೇ ಜಾಗದಲ್ಲಿ ಬಂದು ನಿಂತ ಸಲ ಮಾತ್ರ ಕೈಕೊಡುತ್ತಿರುತ್ತದೆ. ಆರ್ಮೇಚರನ್ನು ಗ್ರೌಲರ್ ಎಂಬ ಸಾಧನದ ಮೇಲಿಟ್ಟು, ಮೇಲೆ ಹ್ಯಾಕ್ಸಾ ಬ್ಲೇಡೊಂದನ್ನು ಹಿಡಿದು ನಿಧಾನವಾಗಿ ತಿರುಗಿಸುವಾಗ, ಸುರುಳಿ ಶಾರ್ಟ್ ಆದ ಜಾಗದಲ್ಲಿ ಆ ಬ್ಲೇಡು ಝೇಂಕರಿಸುತ್ತದೆ. ಬಳಿಕ ಲೇತಿನಲ್ಲಿ ಕಮ್ಯುಟೇಟರನ್ನು ಸವರಿ, ಹೊಸ ಬ್ರಷ್ಷು ಕೂಡಿಸುತ್ತಾರೆ.

ಇಂಥ ಪರೀಕ್ಷೆಯ ಗೊಡವೆಗೆ ಹೋಗದೆ, ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್, ಅದಾದ ಮೇಲೆ ಸ್ವಿಚ್ಚು ಎಂದು ಒಂದೊಂದನ್ನೇ ಹೊಸದಾಗಿ ಹಾಕಿಸುತ್ತ ಹೋಗುವ ಪದ್ಧತಿಯು ಇಂದು ಪ್ರಬಲವಾಗುತ್ತಿದೆ. ಅದನ್ನು ನಾನು ಒಪ್ಪಲಾರೆ. ಯಜಮಾನರ ಹಣ ವ್ಯರ್ಥವಾಗುವುದು ಒಂದು ಕಡೆ. ಭಾಗ ಬದಲಿಸುವಾಗ ಟರ್ಮಿನಲ್ಲುಗಳನ್ನು ಬಿಚ್ಚಿ ಬಿಗಿದುದರಿಂದಲೇ ದೋಷ ಕೆಲವು ವಾರ ಅಡಗಿ, ಹೊಸ ಭಾಗಕ್ಕೆ ಅನ್ಯಾಯವಾದ ಕೀರ್ತಿ ಸಲ್ಲುವುದು ಇನ್ನೊಂದು ಕಡೆ. ಕಂಪ್ಯೂಟರುಳ್ಳ ಕಾರುಗಳಿಗೂ ಈ ಪರೀಕ್ಷೆಯ ಸಹನೆ ತಪ್ಪಿದ್ದಲ್ಲ: ಈ ಶತಮಾನದ ಮೊದಲ ವರ್ಷಗಳ ಕಾರುಗಳೂ ಈಗ ಹಳೆಯವಾಗಿವೆ. ಅವುಗಳ ಎಂಜಿನ್ನು ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರು ಬಿಸಿಯಲ್ಲಿ ಮಂಕಾಗಿ ತಣಿದಾಗ ಚೇತರಿಸಿಕೊಂಡು, ಸ್ಕ್ಯಾನರಿನಲ್ಲಿ ಯಾವ ಕೋಡನ್ನೂ ಉಳಿಸದೆ ಹೋಗಬಲ್ಲುದು. ಆಗ ಸ್ಕ್ಯಾನರು ಕೈಯಲ್ಲಿರುವವನೂ ಎಂಜಿನ್ನು ಬಿಸಿಯೇರುವವರೆಗೆ ಕಾಯಲೇಬೇಕು.

ಇಂಥ ಕಾರನ್ನು ಎಲೆಕ್ಟ್ರಿಷಿಯನ್ನನ ಬಳಿಗೆ ಒಯ್ಯುವವರು, ಕೈಕೊಟ್ಟ ಪ್ರತಿಯೊಂದು ಸಲವೂ ಎಂಜಿನ್ನು ಬಿಸಿಯಿತ್ತೆ ತಣ್ಣಗಿತ್ತೆ, ಮಳೆಯಿತ್ತೆ, ಯಾವ ಸದ್ದು ಕೇಳಿಸಿತು, ದೀಪಗಳು ಮಂಕಾದುವೆ, ಎಷ್ಟು ಹೊತ್ತಿನ ಮೇಲೆ ತಾನಾಗಿ ಹೊರಟಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳಿತು. ಹೊರಡುವ ಮುನ್ನ ಬ್ಯಾಟರಿಯ ಟರ್ಮಿನಲ್ಲುಗಳನ್ನು ಉಜ್ಜಿ ಬಿಗಿಮಾಡಿಕೊಂಡು ಮಾತ್ರ ಹೋಗಬಾರದು. ಅವನ ಮೀಟರು ಓದಬೇಕಾದದ್ದು ಅಲ್ಲಿಯೇ ಇದ್ದರೂ ಇರಬಹುದು.