ಹಗುರವಾದ ಲ್ಯಾಪ್‌ಟಾಪಿನ ಆಯ್ಕೆ

ಪ್ರವಾಸಕ್ಕೂ ನಿತ್ಯದ ಕೆಲಸಕ್ಕೂ ಒಂದೇ ಲ್ಯಾಪ್‌ಟಾಪನ್ನು ಬಯಸುವವರು ಈಗ ಬಹುಮಂದಿ. ಅಂಗಡಿಯಲ್ಲಿ ಅವರು ಮೊದಲು ಮಾಡುವ ಕಾರ್ಯವೆಂದರೆ ಯಂತ್ರವನ್ನು ಕೈಯಲ್ಲೆತ್ತಿ ನೋಡುವುದು. ಇದು ತಪ್ಪಲ್ಲ, ಆದರೆ ಇಷ್ಟೇ ಸಾಲದೆಂದು ವಾಚಕರಲ್ಲಿ ನಾವು ಅರಿಕೆ ಮಾಡಿಕೊಳ್ಳುತ್ತೇವೆ.

1981ರಲ್ಲಿ ಹೊರಬಂದ ಆಸ್ಬಾರ್ನ್ 1 ಎಂಬ ಕಂಪ್ಯೂಟರು ಹೊತ್ತೊಯ್ಯುವುದಕ್ಕೆಂದೇ ಮಾಡಿದುದಾಗಿದ್ದರೂ ಸುಮಾರು 11 ಕಿಲೋಗ್ರಾಂ ತೂಗುತ್ತಿದ್ದಿತು. 2008ರಲ್ಲಿ ಸ್ಟೀವ್ ಜಾಬ್ಸರು ಕಾಗದದ ಲಕೋಟೆಯೊಳಗಿಂದ ತೆಗೆದು ತೋರಿಸಿದ ಮ್ಯಾಕ್‌ಬುಕ್ ಏರ್ 1.36 ಕಿಲೋಗ್ರಾಮಿನದು. ಈ ಲಾಘವವು ಬಿಟ್ಟಿಯಾಗಿ ಬಂದುದಲ್ಲ. ಅದರಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿದ್ದರು. ಇಂದಿನ ಅನೇಕ ತೆಳು ಯಂತ್ರಗಳಲ್ಲಿಯೂ ಇದೇ ಪದ್ಧತಿ. ಅಂತಹ ಯಂತ್ರದಲ್ಲಿ ಇಂದು 8 ಜಿಬಿ ಮೆಮೊರಿಗೆ ತೃಪ್ತನಾದವನು ನಾಳೆ ಅದನ್ನು 16ಕ್ಕೆ ಏರಿಸಲಾರನು. ಕೆಲಸ ಹೆಚ್ಚಿದರೆ ಹೊಸ ಯಂತ್ರವನ್ನೇ ಕೊಳ್ಳಬೇಕಾಗುವುದು. ಮಿತವಾದ ಸಂಬಳದ ಸಂಸಾರಿಗೆ ಇದು ಸಣ್ಣ ನಷ್ಟವಲ್ಲ.

ಆದುದರಿಂದ ನೂರು ಗ್ರಾಂ ಕಡಿಮೆಯಾಯಿತೆಂದು ಹಿಗ್ಗುವುದಕ್ಕಿಂತ, ಮುಂದಿನ ವರ್ಷಗಳಿಗೂ ಸಾಲುವಷ್ಟು ಮೆಮೊರಿಯನ್ನು ಮೊದಲೇ ಪಡೆಯುವುದು ವಿವೇಕವು. ತೂಕವನ್ನು ಚಾರ್ಜರಿನೊಡನೆ ಸೇರಿಸಿ ಎಣಿಸತಕ್ಕದ್ದು. ಟೈಪ್-ಸಿ ಚಾರ್ಜರಾದರೆ ಫೋನಿಗೂ ಅದೇ ಆದೀತು. ವಿಮಾನದಲ್ಲಿ 100 ವ್ಯಾಟ್-ಅವರ್ ಮೀರಿದ ಬ್ಯಾಟರಿಗೆ ವಿಮಾನ ಕಂಪೆನಿಯ ಅನುಮತಿ ಬೇಕು. ಹಗುರ ಯಂತ್ರಗಳ ಬ್ಯಾಟರಿ ಸಾಮಾನ್ಯವಾಗಿ ಈ ಮಿತಿಯೊಳಗೇ ಇರುವುದು. ಹಣ ತೆರುವ ಮೊದಲು ಅಂಗಡಿಯಲ್ಲಿಯೇ ಅರ್ಧ ಪುಟ ಟೈಪು ಮಾಡಿ, ಪರದೆಯನ್ನು ಬಿಸಿಲ ಕಡೆಗೆ ತಿರುಗಿಸಿ ನೋಡಬೇಕು. ದುರಸ್ತಿಯು ತಮ್ಮ ಊರಿನಲ್ಲಿಯೇ ದೊರೆಯುವುದೇ ಎಂಬುದನ್ನೂ ವಿಚಾರಿಸಬೇಕು.

ಹೆಗಲಿಗೆ ಹಗುರವಾದುದು ಸಂಸಾರಕ್ಕೆ ಭಾರವಾಗಬಾರದೆಂಬುದೇ ನಮ್ಮ ಆಶಯ.